ಮರಿ ಅವರ ಕೈಲಿ, ಉಪ್ಪು ನಮ್ಮ ಹೊಲದಲ್ಲಿ



ಸಮುದ್ರದಿಂದ ಸುಮಾರು 250 ಕಿಲೋಮೀಟರ್ ದೂರ ಇರುವ ಬಂಗಾರಪೇಟೆ, ಕೆ.ಜಿ.ಎಫ್. ಸೀಮೆಯ ರೈತನಿಗೆ ಕಡಲ ಮೀನಿನ ಮಾತು ಯಾಕೆ ಅಂತ ನೀವು ಕೇಳಬಹುದು. ಕೇಳಲೇಬೇಕು. 2020ರಲ್ಲಿ ಕೇಂದ್ರ ಸರ್ಕಾರ ಮತ್ಸ್ಯ ಸಂಪದ ಯೋಜನೆ ತಂದಿತು. ಅದರಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 40, ಪರಿಶಿಷ್ಟರಿಗೂ ಮಹಿಳೆಯರಿಗೂ ಶೇ. 60 ಸಬ್ಸಿಡಿ. ಅದಕ್ಕೂ ಮುಂಚೆ, 2018-19ರಲ್ಲೇ, ಕಿಸಾನ್ ಕ್ರೆಡಿಟ್ ಕಾರ್ಡನ್ನು ಮೀನು ಸಾಕುವವರಿಗೂ ಕೊಡಬಹುದು ಎಂದು ಆಯಿತು. ಎಲ್ಲಿ ಸಬ್ಸಿಡಿಯೋ ಅಲ್ಲಿ ಏಜೆಂಟ್. ನಾಳೆ ನಿಮ್ಮ ಜಗುಲಿಯ ಮೇಲೆ ಒಬ್ಬರು ಬಂದು ಕೂತು, ಬಣ್ಣದ ಕಾಗದ ಹರಡಿ, "ನಿಮ್ಮ ಕೃಷಿ ಹೊಂಡದಲ್ಲಿ ರೋಹು, ಕಾಟ್ಲಾ ಯಾಕೆ ಸ್ವಾಮಿ? ಸೀಬಾಸ್ ಬಿಡಿ, ಪೊಂಪಾನೊ ಬಿಡಿ, ಸಿಗಡಿ ಬಿಡಿ, ಮೂರು ಪಟ್ಟು ರೇಟು" ಅಂದರೆ ನೀವು ಏನು ಕೇಳಬೇಕು? ಅದನ್ನು ಈಗಲೇ ಕೂತು ಯೋಚಿಸಿಕೊಳ್ಳೋಣ. ಸಹಿ ಹಾಕಿದ ಮೇಲೆ ಯೋಚಿಸಿ ಪ್ರಯೋಜನವಿಲ್ಲ.

ಮೊದಲನೇ ಮಾತು: ಸಾಕುವುದೇ ಬೇರೆ, ಪಳಗಿಸುವುದೇ ಬೇರೆ. ಕಾಡಿನ ಗಿಳಿಮರಿ ತಂದು ಪಂಜರದಲ್ಲಿಟ್ಟು ಕಾಳು ಹಾಕಿದರೆ ಅದು ಸಾಕಿದ್ದು. ಅದು ನಮ್ಮ ಕೈಕೆಳಗೇ ಮೊಟ್ಟೆ ಇಟ್ಟು, ಮರಿ ಮಾಡಿ, ಆ ಮರಿಯೂ ಮರಿ ಮಾಡಿ, ತಲೆಮಾರಿನಿಂದ ತಲೆಮಾರಿಗೆ ನಮಗೆ ಬೇಕಾದ ಗುಣದ್ದನ್ನೇ ನಾವು ಆರಿಸಿಕೊಂಡು ಹೋದರೆ ಅದು ಪಳಗಿಸಿದ್ದು. ಹಸು, ಕುರಿ, ಕೋಳಿ ಹೀಗೆ ಪಳಗಿದವು. ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೇ ಉದಾಹರಣೆ ರೇಷ್ಮೆ ಹುಳು. ಮನುಷ್ಯ ಸೊಪ್ಪು ಹಾಕದಿದ್ದರೆ ಅದು ಎರಡು ದಿನ ಬದುಕುವುದಿಲ್ಲ, ಚಿಟ್ಟೆಯಾದರೂ ಸರಿಯಾಗಿ ಹಾರಲಾರದು. ಅಷ್ಟು ಪಳಗಿದೆ.

ಕಡಲ ಮೀನಿನ ವಿಷಯದಲ್ಲಿ ಈ ಕೆಲಸ ಈಚೀಚಿನದು. ಹೂಮೀನನ್ನೇ ತೆಗೆದುಕೊಳ್ಳಿ. ಕಡಲಿನಲ್ಲಿ ಹುಟ್ಟಿ, ಹಿನ್ನೀರಿಗೆ ಬಂದು ಪಾಚಿ ತಿಂದು ಬೆಳೆಯುವ ಬೆಳ್ಳಿ ಬಣ್ಣದ ಮೀನು. ಸಿಹಿನೀರಿನಲ್ಲೂ ಚೆನ್ನಾಗಿ ಬೆಳೆಯುತ್ತದೆ. ಕುಂದಾಪುರದ ಹತ್ತಿರದ ಒಂದು ಸಿಹಿನೀರಿನ ಕೆರೆಯಲ್ಲಿ ಈ ಹೂಮೀನು ಇತ್ತು, ಟಿಪ್ಪು ಸುಲ್ತಾನ ಅದನ್ನು ತನ್ನ ಊಟಕ್ಕೆಂದೇ ಕಾದಿರಿಸಿದ್ದ ಎಂದು ಬ್ರಿಟಿಷರ ಕಾಲದ ಗ್ಯಾಸೆಟಿಯರ್ ಹೇಳುತ್ತದೆ. ಟಿಪ್ಪುವಿನ ತಂದೆ ಹೈದರಾಲಿ ಹುಟ್ಟಿದ್ದು ನಮ್ಮ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಅಂದಮೇಲೆ ಕಡಲ ಮೀನನ್ನು ಕೆರೆಗೆ ತರುವ ಆಲೋಚನೆ ನಮ್ಮ ಸೀಮೆಯ ವಂಶಕ್ಕೆ ಹೊಸದೇನೂ ಅಲ್ಲ. ಇಂಡೋನೇಷ್ಯಾ, ಫಿಲಿಪೈನ್ಸ್ ದೇಶಗಳಲ್ಲಂತೂ ನೂರಾರು ವರ್ಷಗಳಿಂದ ಹೂಮೀನು ಬೆಳೆಯುತ್ತಿದ್ದಾರೆ. ಆದರೆ ಅಷ್ಟು ಕಾಲವೂ ಮರಿ ಬರುತ್ತಿದ್ದುದು ಕಡಲಿನಿಂದಲೇ. ದಡದಲ್ಲಿ ಬಲೆ ಹಿಡಿದು ಕಡ್ಡಿಯಂಥ ಮರಿ ಹಿಡಿದು ಕೊಳಕ್ಕೆ ಬಿಡುತ್ತಿದ್ದರು. ಮನುಷ್ಯನ ಕೈಕೆಳಗೆ ಅದು ಮೊಟ್ಟೆ ಇಟ್ಟಿದ್ದು 1970ರ ದಶಕದ ಕೊನೆಗೆ. ನಮ್ಮ ದೇಶದಲ್ಲಿ ಚೆನ್ನೈನ ಕೇಂದ್ರೀಯ ಹಿನ್ನೀರು ಮೀನುಕೃಷಿ ಸಂಸ್ಥೆಯವರು ಇದನ್ನು ಸಾಧಿಸಿದ್ದು 2015ರಲ್ಲಿ. ನೂರಾರು ವರ್ಷ ಸಾಕಿದರೂ ಪಳಗಿರಲಿಲ್ಲ ಅಂದರೆ ಕೆಲಸ ಎಷ್ಟು ಕಷ್ಟದ್ದು ನೋಡಿ.

ಯಾಕೆ ಕಷ್ಟ? ನಮ್ಮ ಕೆರೆಯ ರೋಹು, ಕಾಟ್ಲಾನೇ ಕೆರೆಯಲ್ಲಿ ಮರಿ ಮಾಡುವುದಿಲ್ಲ. ಮಳೆಗಾಲದ ಹೊಳೆಯ ಪ್ರವಾಹ ಬೇಕು ಅವಕ್ಕೆ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಬೇರೆ ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸ ತೆಗೆದು ಚುಚ್ಚಿ ಕೊಳದಲ್ಲೇ ಮೊಟ್ಟೆ ಇಡಿಸಿದರು. ಇವತ್ತು ನಮ್ಮ ಕೆರೆಗೆ ಬರುವ ಒಂದೊಂದು ಮರಿಯೂ ಆ ಚುಚ್ಚುಮದ್ದಿನ ಫಲ. ಕಡಲ ಮೀನಿಗೆ ಇಷ್ಟೇ ಸಾಲದು. ಸೀಬಾಸ್ ಇದೆಯಲ್ಲ, ನಮ್ಮ ಕೆ.ಜಿ.ಎಫ್.ನ ತಮಿಳರು ಕೊಡುವಾ ಅನ್ನುವ, ಆಂಧ್ರದ ಕಡೆಯವರು ಪಂಡುಗಪ್ಪ ಅನ್ನುವ ಮೀನು, ಅದು ಮೊದಲು ಗಂಡಾಗಿದ್ದು ವರ್ಷಗಳು ಕಳೆದ ಮೇಲೆ ಹೆಣ್ಣಾಗುತ್ತದೆ. ತಾಯಿಮೀನು ಸಿದ್ಧವಾಗಲಿಕ್ಕೇ ವರ್ಷಗಟ್ಟಲೆ ಕಾಯಬೇಕು. ಮೊಟ್ಟೆಯೊಡೆದ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು, ಒಣ ಮೇವು ಮುಟ್ಟುವುದಿಲ್ಲ, ಜೀವಂತ ಮೇವೇ ಬೇಕು. ಅದಕ್ಕೆ ಮೊದಲು ಇನ್ನೊಂದು ಸೂಕ್ಷ್ಮಜೀವಿಯನ್ನು ಸಾಕಬೇಕು, ಆಮೇಲೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಹುಳದ ಮೊಟ್ಟೆ ತರಿಸಬೇಕು. ಅದು ಹೆಚ್ಚಾಗಿ ಬರುವುದು ಅಮೆರಿಕಾದ ಯೂಟಾ ರಾಜ್ಯದ ಉಪ್ಪಿನ ಸರೋವರದಿಂದ. ಮರಿ ಸ್ವಲ್ಪ ದೊಡ್ಡದಾಯಿತೋ, ದೊಡ್ಡದು ಚಿಕ್ಕದನ್ನು ನುಂಗುತ್ತದೆ. ದಿನ ಬಿಟ್ಟು ದಿನ ಅಳತೆ ನೋಡಿ ಬೇರೆ ಮಾಡಬೇಕು. ಇಷ್ಟೆಲ್ಲ ಗೆದ್ದು ಸೀಬಾಸ್ ಮರಿ ಮಾಡಿಸಿದ್ದು 1997ರಲ್ಲಿ ಅದೇ ಚೆನ್ನೈ ಸಂಸ್ಥೆ. ಮಂಟಪಂನಲ್ಲಿ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು 2010ರಲ್ಲಿ ಕೋಬಿಯಾ, 2011ರಲ್ಲಿ ಪೊಂಪಾನೊ ಮೀನಿನ ಮರಿ ಮಾಡಿಸಿದರು. ನಮ್ಮ ಕಾರವಾರದಲ್ಲೂ ಇದೇ ಸಂಸ್ಥೆಯ ಕೇಂದ್ರವಿದೆ. ಅಲ್ಲಿ ಕಡಲಲ್ಲೇ ಪಂಜರ ಕಟ್ಟಿ ಮೀನು ಬೆಳೆಸುತ್ತಾರೆ. ಬೈಂದೂರು ಕಡೆಯ ಹಿನ್ನೀರಿನಲ್ಲಿ ಮೀನುಗಾರರೇ ಪಂಜರದಲ್ಲಿ ಸೀಬಾಸ್ ಬೆಳೆದಿದ್ದಾರೆ.

ಇದು ದೊಡ್ಡ ವಿಜ್ಞಾನ. ಸರ್ಕಾರಿ ಸಂಸ್ಥೆಗಳು ನಮ್ಮ ದುಡ್ಡಿನಲ್ಲಿ ಮಾಡಿದ ದೊಡ್ಡ ಕೆಲಸ. ಅದನ್ನು ಹಗುರ ಮಾಡುವವನು ನಾನಲ್ಲ. ನನ್ನ ತಕರಾರು ಬೇರೆ ಕಡೆ ಇದೆ.

ಹಳ್ಳಿಕಾರ್ ದನ ಪಳಗಿದಾಗ ಬಿತ್ತನೆ ಹೋರಿ ರೈತನ ಕೊಟ್ಟಿಗೆಯಲ್ಲಿತ್ತು. ರಾಗಿ ಪಳಗಿದಾಗ ಬೀಜ ನಮ್ಮಮ್ಮನ ಗುಡಾಣದಲ್ಲಿತ್ತು. ತಳಿ ಯಾರ ಕೈಲಿತ್ತೋ ದುಡಿಮೆಯೂ ಅವರ ಕೈಲೇ ಇತ್ತು. ಕಡಲ ಮೀನಿನ ಕತೆ ಹಾಗಲ್ಲ. ಅದು ಪಳಗುತ್ತಿರುವುದೇ ಪ್ರಯೋಗಶಾಲೆಯಲ್ಲಿ. ಒಂದೇ ಒಂದು ದಿನವೂ ಅದರ ಬಿತ್ತನೆ ರೈತನ ಕೈಲಿ ಇರಲಿಲ್ಲ, ಇರುವುದೂ ಸಾಧ್ಯವಿಲ್ಲ. ಬಂಗಾರಪೇಟೆಯಲ್ಲಿ ಕೂತು ನೀವು ಸೀಬಾಸ್ ಮರಿ ಮಾಡಿಸಲಾರಿರಿ. ಪ್ರತಿ ಬೆಳೆಗೂ ಮರಿಗೆ ಕೈಚಾಚಬೇಕು. ಮರಿ ಕೊಡುವವನೇ ಮೇವು ಕೊಡುತ್ತಾನೆ, ಮೇವು ಕೊಡುವವನೇ ಕೊನೆಗೆ ಮೀನು ಕೊಳ್ಳುತ್ತಾನೆ. ಬ್ರಾಯ್ಲರ್ ಕೋಳಿಯಲ್ಲಿ ನಮ್ಮ ರೈತ ಏನಾದ? ಶೆಡ್ಡು ನಮ್ಮದು, ಕರೆಂಟು ನಮ್ಮದು, ಮೈಮುರಿತ ನಮ್ಮದು. ಮರಿ ಅವರದು, ಮೇವು ಅವರದು, ರೇಟು ಅವರದು. ಸ್ವಂತ ಜಮೀನಿನಲ್ಲೇ ಕೂಲಿ.

ಇದು ಬರೀ ಅನುಮಾನ ಅನ್ನಬೇಡಿ. ನಾರ್ವೆ ದೇಶ ನೋಡಿ. 1970ರ ದಶಕದ ಆರಂಭದಲ್ಲಿ ಅಲ್ಲಿ ಹೊಳೆಗಳಿಂದ ಸಾಲ್ಮನ್ ಮೀನು ತಂದು ತಳಿ ಆಯ್ಕೆ ಶುರು ಮಾಡಿದರು. ಸಾರ್ವಜನಿಕ ಸಂಶೋಧನೆ ಅದು, ಬೆಳೆಯುತ್ತಿದ್ದವರು ದಡದ ಸಣ್ಣ ರೈತರು, ಮೀನುಗಾರರು. ತಲೆಮಾರಿನಿಂದ ತಲೆಮಾರಿಗೆ ಮೀನು ಬೇಗ ಬೆಳೆಯುವಂತಾಯಿತು. ಇವತ್ತು ಆ ವ್ಯವಹಾರದ ಬಹುಪಾಲು ಕೆಲವು ದೊಡ್ಡ ಕಂಪನಿಗಳದು. ಆ ತಳಿಯಿಂದ ಬೆಳೆದ ಆಕ್ವಾಜೆನ್ ಎಂಬ ಮೊಟ್ಟೆ ಕಂಪನಿಯನ್ನು ಜರ್ಮನಿಯ ಒಂದು ಗುಂಪು 2008ರಲ್ಲಿ ತನ್ನ ವಶಕ್ಕೆ ತೆಗೆದುಕೊಂಡಿತು. ಆ ಗುಂಪು ಯಾವುದು ಗೊತ್ತೇ? ರಾಸ್ ಎಂಬ ಬ್ರಾಯ್ಲರ್ ಕೋಳಿ ತಳಿಯ ಒಡೆಯರೇ. ಕೋಳಿಯ ಬಿತ್ತನೆ ಹಿಡಿದ ಕೈ ಮೀನಿನ ಬಿತ್ತನೆಯನ್ನೂ ಹಿಡಿಯಿತು.

ನಮ್ಮ ದೇಶದ ಸಿಗಡಿಯನ್ನೇ ನೋಡಿ. 2009ರಲ್ಲಿ ವನ್ನಾಮಿ ಎಂಬ ಪರದೇಶದ ಸಿಗಡಿಗೆ ಬಾಗಿಲು ತೆರೆದರು. ಅದರ ತಾಯಿಸಿಗಡಿ ವಿಮಾನದಲ್ಲಿ ಹೊರದೇಶದಿಂದ ಬರಬೇಕು. ಆಂಧ್ರದ ಕರಾವಳಿ ರೈತ ಅದನ್ನು ಬೆಳೆದ, ದುಡ್ಡೂ ಕಂಡ. ಆದರೆ ಕೊಳ್ಳುವವನೂ ಹೊರದೇಶದವನೇ. 2025ರ ಆಗಸ್ಟಿನಲ್ಲಿ ಅಮೆರಿಕಾ ನಮ್ಮ ಸರಕಿನ ಮೇಲೆ ಶೇ. 50ರ ಸುಂಕ ಹೇರಿತು. ಬಿತ್ತನೆ ಆ ಕಡೆ, ಬೆಲೆಯೂ ಆ ಕಡೆ, ಸಾಲ ಮಾತ್ರ ಈ ಕಡೆ! ಬಿಳಿಚುಕ್ಕೆ ರೋಗ 1990ರ ದಶಕದಲ್ಲಿ ಇದೇ ಕರಾವಳಿಯ ಸಿಗಡಿ ಕೊಳಗಳನ್ನು ಖಾಲಿ ಮಾಡಿತ್ತು. ಉಪ್ಪುನೀರು ಅಕ್ಕಪಕ್ಕದ ಗದ್ದೆಗೂ ಕುಡಿಯುವ ನೀರಿಗೂ ಸೇರುತ್ತಿದೆ ಎಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಗಿ, 1996ರ ಡಿಸೆಂಬರಿನಲ್ಲಿ ಕಟುವಾದ ತೀರ್ಪು ಬಂತು. ಕಡಲ ದಡದಲ್ಲೇ ಈ ಗತಿ.

ಈಗ ಉಪ್ಪಿನ ಲೆಕ್ಕಕ್ಕೆ ಬರೋಣ. ಪೆನ್ನು ತೆಗೆದುಕೊಳ್ಳಿ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಹತ್ತು ಲಕ್ಷ ಲೀಟರ್ ಹಿಡಿಯುವ ಹೊಂಡವನ್ನು ಕಡಲ ನೀರಿನಂತೆ ಮಾಡಲು 35 ಟನ್ ಉಪ್ಪು ಬೇಕು. "ಅಷ್ಟೆಲ್ಲ ಬೇಡ ಸ್ವಾಮಿ, ಲೀಟರಿಗೆ ಐದು ಗ್ರಾಂ ಸಾಕು, ಮೀನು ಒಗ್ಗಿಕೊಳ್ಳುತ್ತೆ" ಅಂತಾರೆ ಏಜೆಂಟ್. ಆಗಲಿ, ಐದು ಗ್ರಾಂ ಅಂದರೂ 5 ಟನ್. 50 ಕಿಲೋದ ನೂರು ಮೂಟೆ. ನಮ್ಮ ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಬೆಳೆ ಮುಗಿದ ಮೇಲೆ ಆ ನೀರನ್ನು ಎಲ್ಲಿಗೆ ಬಿಡುತ್ತೀರಿ? ಟೊಮೇಟೊಗೆ ಬಿಟ್ಟರೆ ಗಿಡ ಸುಟ್ಟುಕೊಳ್ಳುತ್ತದೆ, ಹಿಪ್ಪುನೇರಳೆಗೂ ಆಗದು. ಹಳ್ಳಕ್ಕೆ ಬಿಟ್ಟರೆ ಕೆಳಗಿನವನ ಬಾವಿಗೆ ಇಳಿಯುತ್ತದೆ. ಹರಿಯಾಣ, ಪಂಜಾಬಿನಲ್ಲಿ ಒಳನಾಡಿನಲ್ಲೇ ಸಿಗಡಿ ಬೆಳೆಯುತ್ತಾರೆ, ನಿಜ. ಅಲ್ಲಿ ಅಂತರ್ಜಲವೇ ಉಪ್ಪಾಗಿ, ಜೌಗು ಹಿಡಿದು, ಬೇರೇನೂ ಬೆಳೆಯದ ಭೂಮಿಯಿದೆ. ಕೆಟ್ಟ ಭೂಮಿಗೆ ಅದು ದಾರಿ. ನಮ್ಮ ಕೆಂಪು ಮಣ್ಣು ಕೆಟ್ಟಿಲ್ಲ. ಸಾವಿರ ಅಡಿ ಕೊರೆದು ತೆಗೆದ ನೀರಿನಲ್ಲಿ ಫ್ಲೋರೈಡ್ ಇದೆ ಎಂಬ ಸಂಕಟ ಸಾಲದೆಂದು ಅದಕ್ಕೆ ಕೈಯಾರೆ ಉಪ್ಪು ಸೇರಿಸುವುದೇ?

ಈ ಸೀಮೆಗೆ ಇದೊಂದು ಪಾಠ ಹೊಸದಲ್ಲ. 1880ರಿಂದ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ನಡೆಸಿತು. ಪಾಲಾರ್ ಹೊಳೆಗೆ ಕಟ್ಟಿದ ಬೇತಮಂಗಲದ ಕೆರೆಯ ನೀರು ಗಣಿಗೆ ಹತ್ತಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಗಣಿಗೆ ಬಂತು. ಹಳ್ಳಿಗಳು ಎಷ್ಟೋ ವರ್ಷ ಕತ್ತಲಲ್ಲೇ ಇದ್ದವು. ಸುಮಾರು 800 ಟನ್ ಚಿನ್ನ ಹೋಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಉಳಿದಿದ್ದು ಏನು? ಕೆಲಸ ಕಳೆದುಕೊಂಡ ಮನೆಗಳು, ಗಾಳಿ ಬೀಸಿದರೆ ಧೂಳೇಳುವ ಸೈನೈಡ್ ದಿಬ್ಬಗಳು. ಬೆಲೆಬಾಳುವುದನ್ನು ಹೊರಗಿನವರು ಒಯ್ದು ಗಸಿಯನ್ನು ನಮಗೆ ಬಿಟ್ಟುಹೋಗುವ ವ್ಯವಹಾರ ಯಾವುದು ಅಂತ ಗುರುತಿಸುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

"ಸೀಬಾಸ್‌ಗೆ ಉಪ್ಪೇ ಬೇಡ, ಮರಿ ದೊಡ್ಡದಾದ ಮೇಲೆ ಸಿಹಿನೀರಿಗೆ ಒಗ್ಗುತ್ತದೆ" ಎನ್ನುವ ಮಾತೂ ಇದೆ. ಅದು ನಿಜವೇ. ನಮ್ಮ ಕೆರೆಗಳಲ್ಲಿ ಹೆಚ್ಚಿಹೋಗಿರುವ ಜಿಲೇಬಿ ಮೀನಿನ ಮರಿಗಳನ್ನು ಅದು ತಿನ್ನುತ್ತದೆ ಎನ್ನುವುದೂ ನಿಜ. ಆದರೆ ಜಿಲೇಬಿ ಯಾವುದು, ಕಾಟ್ಲಾ ಯಾವುದು ಅಂತ ಅದು ಕೇಳಿಕೊಂಡು ತಿನ್ನುವುದಿಲ್ಲ. ಹೊಂಡದಲ್ಲಿ ಬೇರೆಯೇ ಸಾಕಿದರೆ ಮಾಂಸದ ಮೇವು ಕೊಂಡು ಹಾಕಬೇಕು. ಒಂದು ಕಿಲೋ ಮೀನಿಗೆ ಒಂದೂಮುಕ್ಕಾಲು ಕಿಲೋ ಮೇವು ಹಿಡಿಯಿರಿ. ಮೇವು ಕಿಲೋಗೆ ನೂರು ರೂಪಾಯಿ ಅಂತಲೇ ಇಟ್ಟುಕೊಳ್ಳಿ. ಮೇವಿಗೇ ನೂರ ಎಪ್ಪತ್ತೈದು ಆಯಿತು. ಅದರ ಮೇಲೆ ಮರಿ, ಕರೆಂಟು, ಗಾಳಿ ಹಾಕುವ ಯಂತ್ರ, ಬಡ್ಡಿ, ಸತ್ತುಹೋದ ಮೀನಿನ ಪಾಲು. ರಾತ್ರಿ ಎರಡು ಗಂಟೆ ಕರೆಂಟು ಹೋದರೆ ತುಂಬಿದ ಹೊಂಡ ಬೆಳಗ್ಗೆ ಬಿಳಿಯಾಗಿ ತೇಲುತ್ತದೆ. ಹಾಲಾದರೆ ಬೆಳಗ್ಗೆ ಸಂಜೆ ಡೈರಿಗೆ ಹಾಕಿ ವಾರದ ಖರ್ಚು ನೋಡಿಕೊಳ್ಳಬಹುದು. ಇಲ್ಲಿ ಎಂಟು ಹತ್ತು ತಿಂಗಳು ದುಡ್ಡು ಸುರಿದು ಒಂದೇ ದಿನ ಬಲೆ ಎಳೆಯಬೇಕು. ಆ ದಿನದ ರೇಟು ಯಾರು ಹೇಳುತ್ತಾರೆ? ಕೇಂದ್ರದ ಬೆಂಬಲ ಬೆಲೆಯ ಪಟ್ಟಿಯಲ್ಲಿ ಮೀನು ಇಲ್ಲ. ಇನ್ನೊಂದು ಮಾತು: ಆ ಮೇವಿನ ಮೀನುಪುಡಿಗೆ ನಮ್ಮದೇ ಮಂಗಳೂರು, ಉಡುಪಿ ಕಡೆಯ ಬೂತಾಯಿ ಹೋಗುತ್ತದೆ. ಬಡವನ ತಟ್ಟೆಯ ಮೀನನ್ನು ಪುಡಿ ಮಾಡಿ ಸಾಹುಕಾರನ ತಟ್ಟೆಯ ಮೀನು ಬೆಳೆಸುವುದು.

ಹಾಗಾದರೆ ಮೀನೇ ಬೇಡವೇ? ಖಂಡಿತಾ ಬೇಕು. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಸಗಣಿ ಗೊಬ್ಬರಕ್ಕೆ ಹುಟ್ಟುವ ಸೂಕ್ಷ್ಮಜೀವಿಗಳೇ ಅವಕ್ಕೆ ಮುಖ್ಯ ಮೇವು. ಭುವನೇಶ್ವರದ ಸಿಹಿನೀರು ಮೀನುಕೃಷಿ ಸಂಸ್ಥೆಯವರು 1992ರಿಂದ ತಳಿ ಆರಿಸುತ್ತಾ ಬಂದು 'ಜಯಂತಿ ರೋಹು' ಕೊಟ್ಟಿದ್ದಾರೆ. ತಲೆಮಾರಿಗೆ ಸುಮಾರು ಶೇ. 17ರಷ್ಟು ಬೆಳವಣಿಗೆ ಹೆಚ್ಚಿತು. ಪಳಗಿಸುವುದು ಅಂದರೆ ಇದು. ಸಾಲ ಹೆಚ್ಚಿಸದೆ ಇಳುವರಿ ಹೆಚ್ಚಿಸುವ ಪಳಗಿಸುವಿಕೆ. ಆ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಂಗಳೂರಿನ ಪಕ್ಕ ಹೆಸರಘಟ್ಟದಲ್ಲೇ ಇದೆ. ಹಾಗಿದ್ದ ಮೇಲೆ ಆ ತಳಿಯ ಮರಿ ನಮ್ಮ ತಾಲ್ಲೂಕಿನ ಹೊಂಡಗಳಿಗೆ ಬರಬೇಕಾದದ್ದು ನಮ್ಮ ಹಕ್ಕು.

ನಮ್ಮ ಹೊಂಡಕ್ಕೆ ಒಗ್ಗುವ ಇನ್ನೊಂದು ಕಸುಬು ಇದೆ. ಮಳೆ ಹಿಡಿದ ಹೊಂಡದಲ್ಲಿ ನೀರು ನಾಲ್ಕೈದು ತಿಂಗಳಷ್ಟೇ ನಿಲ್ಲುತ್ತದೆ. ಮೀನನ್ನು ಮಾರುವಷ್ಟು ಬೆಳೆಸಲು ಅದು ಸಾಲದು. ಮರಿ ಬೆಳೆಸಲು ಧಾರಾಳ ಸಾಕು. ರೇಷ್ಮೆಯಲ್ಲಿ ಚಾಕಿ ಕಟ್ಟುವವರು ಎರಡನೇ ಜ್ವರದವರೆಗೆ ಹುಳು ಸಾಕಿ ಬೇರೆಯವರಿಗೆ ಕೊಡುವುದಿಲ್ಲವೇ? ಹಾಗೆಯೇ ಸಣ್ಣ ಮರಿ ತಂದು, ಎರಡು ಮೂರು ತಿಂಗಳು ಬೆರಳುದ್ದ ಬೆಳೆಸಿ ಕೆರೆ ಸಂಘಗಳಿಗೆ ಮಾರಬಹುದು. ಬಂಡವಾಳ ಕಡಿಮೆ, ದುಡ್ಡು ಬೇಗ ಕೈಗೆ, ನೀರು ಸಿಹಿಯಾಗೇ ಉಳಿಯುತ್ತದೆ, ಆಮೇಲೆ ಅದನ್ನೇ ಟೊಮೇಟೊಗೆ ಬಿಟ್ಟರೆ ಗೊಬ್ಬರದ ನೀರು. ಭದ್ರಾ ಪ್ರಾಜೆಕ್ಟಿನಿಂದಲೋ ತುಂಗಭದ್ರಾ ಅಣೆಕಟ್ಟಿನಿಂದಲೋ ಚೀಲದಲ್ಲಿ ಬಂದು ದಾರಿಯಲ್ಲೇ ಅರ್ಧ ಸಾಯುವ ಮರಿಗೆ ಕಾಯುವುದು ತಪ್ಪುತ್ತದೆ.

ಆದ್ದರಿಂದ ನಾವು ಕೇಳಬೇಕಾದದ್ದು ನಾಲ್ಕು.

ಒಂದು, ಒಳನಾಡಿನ ಸಿಹಿನೀರಿನ ತಾಲ್ಲೂಕುಗಳಲ್ಲಿ ಉಪ್ಪು ಸೇರಿಸಿ ಮೀನು, ಸಿಗಡಿ ಬೆಳೆಸುವುದಕ್ಕೆ ಸಬ್ಸಿಡಿಯೂ ಬೇಡ, ಸಾಲವೂ ಬೇಡ. ಗ್ರಾಮಸಭೆಯಲ್ಲಿ ಈಗಲೇ ನಿರ್ಣಯ ಮಾಡಿ ದಾಖಲೆಗೆ ಬರೆಸಿ.

ಎರಡು, ಕಡಲ ಮೀನಿನ ಪಳಗಿಸಿದ ತಳಿಗಳು ಸರ್ಕಾರಿ ಸಂಸ್ಥೆಗಳಲ್ಲೇ ಉಳಿಯಬೇಕು. ತೆರಿಗೆ ದುಡ್ಡಿನಲ್ಲಿ ಹುಟ್ಟಿದ ತಾಯಿಮೀನನ್ನು ಕಂಪನಿಗೆ ಧಾರೆ ಎರೆಯಬಾರದು. ರೇಷ್ಮೆ ಬಿತ್ತನೆ, ಗೂಡು, ನೂಲಿನ ಮಾರಾಟಕ್ಕೆ ನಮ್ಮ ರಾಜ್ಯದಲ್ಲಿ 1959ರಲ್ಲೇ ಕಾಯ್ದೆ ಬಂತು. ಕುಣಿಗಲ್, ಮಾಗಡಿ ಕಡೆ ಬಿತ್ತನೆ ಗೂಡಿನ ಪ್ರದೇಶವನ್ನೇ ಕಾಯ್ದಿಟ್ಟರು. ಮಾರುಕಟ್ಟೆಯಲ್ಲಿ ಗೂಡು ಬಹಿರಂಗ ಹರಾಜಿಗೆ ಬಂತು. ಅದರಲ್ಲಿ ಲೋಪವಿಲ್ಲ ಅಂತಲ್ಲ. ಆದರೂ ರೀಲರು ನಾಲ್ಕು ಜನರ ಎದುರು ಬೆಲೆ ಕೂಗಬೇಕಾಯಿತು. ಮೀನಿಗೂ ಅಂಥದೇ ಬಿತ್ತನೆ ಕಾವಲು, ಅಂಥದೇ ಬಹಿರಂಗ ಹರಾಜು ಬೇಕು.

ಮೂರು, ಕೆ.ಸಿ. ವ್ಯಾಲಿ. 2018ರಿಂದ ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧಿ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸಿದರು. ಶುರುವಿನಲ್ಲೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಎದ್ದು ವಿಷಯ ಕೋರ್ಟಿಗೆ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ನಮ್ಮ ಕೂಗು ಅಂದಿನದು. ಈ ನೀರಿನಲ್ಲಿ ಬೆಳೆದ ಮೀನಿನ ಪರೀಕ್ಷೆ ಮಾಡಿ, ಅದರಲ್ಲಿ ಸೀಸ ಎಷ್ಟು, ಪಾದರಸ ಎಷ್ಟು ಅಂತ ಕನ್ನಡದಲ್ಲಿ ಬರೆದು ಪಂಚಾಯ್ತಿ ಗೋಡೆಗೆ ಅಂಟಿಸಲಿ. ಕಡಲ ಮೀನಿನ ಕನಸು ತೋರಿಸುವ ಮೊದಲು ಕೆರೆ ಮೀನಿನ ಲೆಕ್ಕ ಕೊಡಲಿ.

ನಾಲ್ಕು, ಪಾಚಿ ತಿನ್ನುವ, ಸಿಹಿನೀರಿಗೆ ಒಗ್ಗುವ ಹೂಮೀನಿನಂಥದ್ದು ನಮ್ಮ ಕಡೆ ಬರುವುದಾದರೆ ಬರಲಿ. ಆದರೆ ಮೊದಲ ಮೂರು ಬೆಳೆ ಸರ್ಕಾರದ ಕೊಳದಲ್ಲಿ, ಸರ್ಕಾರದ ಖರ್ಚಿನಲ್ಲಿ, ನಮ್ಮ ಕಣ್ಣೆದುರಿಗೆ ಆಗಲಿ. ಲಾಭ ನಷ್ಟದ ಪುಸ್ತಕ ತೆರೆದಿಡಲಿ. ಪ್ರಯೋಗಕ್ಕೆ ಇಲಿ ಬೇಕಿದ್ದರೆ ಪ್ರಯೋಗಶಾಲೆಯಲ್ಲಿವೆ. ಅದಕ್ಕೆ ಸಾಲಗಾರ ರೈತನೇ ಆಗಬೇಕಿಲ್ಲ.

ಏಜೆಂಟ್ ಬಂದರೆ ಕೂರಿಸಿ, ಮಜ್ಜಿಗೆ ಕೊಡಿ. ಆಮೇಲೆ ಈ ಮೂರು ಕೇಳಿ: ಮುಂದಿನ ಬೆಳೆಗೆ ಮರಿ ಯಾರು ಕೊಡುತ್ತಾರೆ, ಯಾವ ದರಕ್ಕೆ? ಬೆಳೆದ ಮೀನನ್ನು ಯಾರು ಕೊಳ್ಳುತ್ತಾರೆ, ಆ ದರವನ್ನು ಇವತ್ತೇ ಛಾಪಾ ಕಾಗದದಲ್ಲಿ ಬರೆದುಕೊಡುತ್ತೀರಾ? ಉಪ್ಪುನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ? ಮೂರಕ್ಕೂ ಲಿಖಿತ ಉತ್ತರ ಕೊಟ್ಟರೆ ಮುಂದಿನ ಮಾತು. ಇಲ್ಲದಿದ್ದರೆ ಪಹಣಿಯನ್ನು ಪೆಟ್ಟಿಗೆಯಲ್ಲೂ, ಹೆಂಡತಿಯ ಸರವನ್ನು ಅವರ ಕೊರಳಲ್ಲೂ ಇರಲು ಬಿಡಿ. ಚಿನ್ನದ ಗಣಿಯ ಊರಿನವರು ನಾವು. ಚಿನ್ನ ಅಡವಿಟ್ಟು ಉಪ್ಪು ಕೊಂಡರು ಎಂಬ ಹೆಸರು ನಮಗೆ ಬೇಡ.